ನಿದ್ದೆ ಮೇಸ್ತ್ರಿಯ ದಾಖಲೆ

ಮೂವತ್ತು ತುಂಬುವವರೆಗೂ ಅವನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ. ಶಾಲೆಯಲ್ಲಿ ಹಾಜರಿ ಚೆನ್ನಾಗಿತ್ತು, ಅಷ್ಟೇ. ಲಿಫ್ಟ್ ರಿಪೇರಿ ಕಂಪನಿ ಸೇರಿ ಎಂಟು ವರ್ಷವಾಗಿತ್ತು. ಕೆಟ್ಟ ಲಿಫ್ಟಿನೊಳಗೆ ಸಿಕ್ಕಿಬಿದ್ದವರನ್ನು ಹೊರಗೆಳೆದು ಬಿಡಿಸಿದಾಗಲೆಲ್ಲ ಅವರು ಮೊದಲು ಬಯ್ಯುತ್ತಿದ್ದದ್ದು ಎದುರಿಗೆ ಸಿಕ್ಕ ಇವನನ್ನೇ. ಜೊತೆಯವರು ಇಟ್ಟ ಅಡ್ಡಹೆಸರು ‘ನಿದ್ದೆ ಮೇಸ್ತ್ರಿ’. ಮಧ್ಯಾಹ್ನ ಡಬ್ಬಿ ಖಾಲಿಯಾದ ಮೇಲೆ, ಕಟ್ಟಡದ ನೆತ್ತಿಯಲ್ಲಿರುವ ಮೋಟಾರು ಕೋಣೆಗೆ ಹತ್ತಿ, ಟೂಲ್ ಬ್ಯಾಗನ್ನೇ ದಿಂಬು ಮಾಡಿಕೊಂಡು ಹತ್ತು ನಿಮಿಷ ಕಣ್ಣು ಮುಚ್ಚುವ ಅಭ್ಯಾಸ ಅವನಿಗೆ. ಹತ್ತು ನಿಮಿಷ ಎನ್ನುವುದು ಅವನ ಮಾತು. ದೊಡ್ಡ ಮೆಕ್ಯಾನಿಕ್ ಹೇಳುವ ಪ್ರಕಾರ ಮುಕ್ಕಾಲು ಗಂಟೆ.

ಅಂಥವನಿಗೆ ಮಗಳು ಹುಟ್ಟಿದಳು. ಹುಟ್ಟಿದಾಗ ಮುಖ ಎಷ್ಟು ದುಂಡಗಿತ್ತೆಂದರೆ ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ‘ಬಟಾಣಿ’ ಆದಳು. ಬಟಾಣಿಗೆ ರಾತ್ರಿಯೆಂದರೆ ಹಗಲು, ಹಗಲೆಂದರೆ ಇನ್ನೊಂದು ಹಗಲು. ಎರಡು ತಿಂಗಳು ಮನೆಯಲ್ಲಿ ಯಾರೂ ಒಂದು ಕನಸನ್ನು ಪೂರ್ತಿ ನೋಡಲಿಲ್ಲ.

ಒಂದು ಸಂಜೆ ಅಳುತ್ತಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡು, ಒಂದು ಹಾಡೂ ನೆಟ್ಟಗೆ ಬಾರದ ಕಾರಣಕ್ಕೆ, ಹಳೇ ಲಿಫ್ಟಿನ ಮೋಟಾರು ಕೆಳಗಿಳಿಯುವಾಗ ಮಾಡುವ ಸದ್ದನ್ನು ಅವನು ಮೂಗಿನಲ್ಲಿ ಗುನುಗಿದ. ‘ಮ್‌ಮ್‌ಮ್‌ಮ್...’ ಎಂದು ಉದ್ದಕ್ಕೆ ಎಳೆದು, ಮಹಡಿ ಬಂದಾಗ ನಾಲಿಗೆಯಲ್ಲಿ ‘ಟಕ್’ ಅನ್ನಿಸಿ, ಮತ್ತೆ ‘ಮ್‌ಮ್‌ಮ್‌ಮ್...’. ಐದನೇ ಮಹಡಿಯಿಂದ ಹೊರಟವನು ಎರಡನೆಯದಕ್ಕೆ ಬರುವಷ್ಟರಲ್ಲಿ ಬಟಾಣಿ ನಿದ್ದೆಹೋಗಿದ್ದಳು. ನೆಲಮಹಡಿ ತಲುಪುವಷ್ಟರಲ್ಲಿ ಕುರ್ಚಿಯಲ್ಲಿ ಕೂತಿದ್ದ ಅತ್ತೆಯೂ ಗೊರಕೆ ಹೊಡೆಯುತ್ತಿದ್ದರು.

ಆ ರಾತ್ರಿ ಒಂಬತ್ತಕ್ಕೆ ಮಲಗಿದ ಮಗು ಎದ್ದದ್ದು ಬೆಳಗಿನ ಐದಕ್ಕೆ. ಮರುರಾತ್ರಿಯೂ ಹಾಗೇ. ಅದರ ಮರುರಾತ್ರಿಯೂ.

“ನಿಮ್ಮ ಬಾಯಲ್ಲಿ ಏನೋ ಇದೆ ಅಳಿಯಂದ್ರೇ!” ಎಂದರು ಅತ್ತೆ. ಮಗಳ ಬಾಣಂತನಕ್ಕೆಂದು ಬಂದವರು ಅವರು. ಮದುವೆಯಾದಂದಿನಿಂದ ಅಳಿಯನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಇದು. ಅವನು ಅದನ್ನು ಎರಡು ಸಲ ಹೇಳಿಸಿಕೊಂಡ.

ಕಂಪನಿಯಲ್ಲಿ ಅಡ್ಡಹೆಸರು ಅದೇ ಉಳಿಯಿತು, ಅದರ ಮರ್ಯಾದೆ ಬದಲಾಯಿತು. ಅವಳಿ ಮಕ್ಕಳ ತಂದೆಯಾಗಿದ್ದ ಒಬ್ಬ ವೆಲ್ಡರ್, ಕಣ್ಣ ಕೆಳಗೆ ಕಪ್ಪು ಹೊತ್ತು ಬಂದು ಕೈಹಿಡಿದ: “ಗುರುವೇ, ಫೋನಲ್ಲಾದ್ರೂ ಒಂದ್ಸಲ ಗುನುಗು. ಸ್ಪೀಕರ್ ಹಾಕ್ತೀನಿ.” ಗುರು ಗುನುಗಿದ. ಅವಳಿಗಳು ಮಲಗಿದವೋ ಇಲ್ಲವೋ, ವೆಲ್ಡರ್ ಮಾತ್ರ ಮಾರನೇ ದಿನ ಕೆಲಸಕ್ಕೆ ಎರಡು ಗಂಟೆ ತಡವಾಗಿ ಬಂದ. ನಮ್ಮ ಮೇಸ್ತ್ರಿ ಅದನ್ನೂ ತನ್ನ ಗೆಲುವೆಂದೇ ಬಗೆದು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿಗೊಂದು ಸರಿ ಗುರುತು ಹಾಕಲು ಶುರುಮಾಡಿದ. ಏಳು, ಹತ್ತು, ಹದಿನೈದು. ಕ್ರಿಕೆಟ್ಟಿನಲ್ಲಿ ಒಂದು ರನ್ನೂ ಹೊಡೆಯದವನಿಗೆ ಕೊನೆಗೂ ಒಂದು ದಾಖಲೆ ಸಿಕ್ಕಿತ್ತು.

ಇಡೀ ಮನೆಯಲ್ಲಿ ನಿದ್ದೆ ಬಾರದೆ ಇದ್ದವಳು ಅವನ ಹೆಂಡತಿ ಒಬ್ಬಳೇ. ಅವಳು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ತಪ್ಪು ಕಂಡರೆ ಸುಮ್ಮನಿರುವ ಜಾಯಮಾನವಲ್ಲ. ಮೊದಲ ಕೆಲವು ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಒದ್ದೆಯಾದ ನೈಟಿ ಬದಲಿಸುತ್ತಾ, “ರೀ, ಎದೆ ಕಲ್ಲಾಗಿದೆ ರೀ” ಎಂದಿದ್ದಳು.

“ಒಳ್ಳೇದೇ ಅಲ್ವಾ,” ಎಂದಿದ್ದ ಅವನು ಕಣ್ಣು ಬಿಡದೆ. “ಬೆಳಗ್ಗೆಗೆ ಉಳೀತು.”

ವಾರದೊಳಗೆ ನೋವು ತಾನೇ ಇಳಿಯಿತು. ದೇಹ ಒಗ್ಗಿಕೊಂಡಿತು ಎಂದುಕೊಂಡರು. ಆದರೆ ಆಮೇಲೆ ಹಗಲಿನಲ್ಲಿ ಬಟಾಣಿಯ ವರಸೆ ಬದಲಾಯಿತು. ಸಂಜೆ ಐದರ ಹೊತ್ತಿಗೆ ಎದೆಗೆ ಹಾಕಿದರೆ ಎರಡು ನಿಮಿಷ ಎಳೆದು, ಬಿಟ್ಟು, ಮುಖ ಕೆಂಪಗೆ ಮಾಡಿಕೊಂಡು ಕಿರುಚುವಳು. ಮತ್ತೆ ಎಳೆಯುವಳು, ಮತ್ತೆ ಕಿರುಚುವಳು. ಎದೆ ಹಳೇ ದಿಂಬಿನಂತೆ ಮೆತ್ತಗಿತ್ತು.

ಮೂರನೇ ತಿಂಗಳ ತೂಕಕ್ಕೆ ಕ್ಲಿನಿಕ್ಕಿಗೆ ಹೋದರು. ನರ್ಸು ಮಗುವನ್ನು ತಕ್ಕಡಿಯಲ್ಲಿ ಮಲಗಿಸಿ, ಮುಳ್ಳು ನೋಡಿ, ಕಾರ್ಡು ನೋಡಿ, ಮತ್ತೆ ಮುಳ್ಳು ನೋಡಿದರು. “ಮೂರು ವಾರದಲ್ಲಿ ಇಷ್ಟೇನಾ ಏರಿರೋದು? ರಾತ್ರಿ ಎಷ್ಟು ಸಲ ಕುಡೀತಾಳೆ?”

“ರಾತ್ರಿ ಏಳೋದೇ ಇಲ್ಲ!” ಎಂದು ಅವನು ಮುಂದೆ ಬಂದ. “ಒಂಬತ್ತಕ್ಕೆ ಮಲಗಿದ್ರೆ ಐದಕ್ಕೇ. ಹತ್ತೊಂಬತ್ತು ದಿನ ಆಯ್ತು, ಒಂದು ದಿನಾನೂ ತಪ್ಪಿಲ್ಲ.”

ನರ್ಸು ಪೆನ್ನು ಕೆಳಗಿಟ್ಟರು. “ಯಾರು ಅಭ್ಯಾಸ ಮಾಡಿಸಿದ್ದು?”

ಬಹುಮಾನ ಕೊಡಲು ಕರೆದಂತೆ ಅವನು ಕೈ ಎತ್ತಿದ.

ಆ ಕೈ ಇಳಿಯುವ ಮೊದಲೇ ನರ್ಸು ಅವನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ್ದರು. “ನೋಡಮ್ಮಾ, ಮಗು ನಿದ್ದೆ ಮಾಡೋದು ತಪ್ಪಲ್ಲ. ಆದ್ರೆ ಎಂಟು ಗಂಟೆ ಯಾರೂ ಕೇಳ್ಲಿಲ್ಲ ಅಂದ್ರೆ, ಇಷ್ಟು ಬೇಡ ಅಂದ್ಕೊಂಡು ದೇಹ ಹಾಲು ಕಡಿಮೆ ಮಾಡ್ಬಿಡತ್ತೆ. ನೀನು ಮಲಗೋ ಮುಂಚೆ, ಹನ್ನೊಂದಕ್ಕೆ ಒಂದು ಸಲ ಎತ್ತಿ ಕುಡಿಸು. ಪೂರ್ತಿ ಎಬ್ಬಿಸಬೇಕಂತಿಲ್ಲ. ಹಗಲು ಎರಡು ಸಲ ಜಾಸ್ತಿ ಎದೆಗೆ ಹಾಕು. ರಾತ್ರಿ ಎಚ್ಚರ ಆಗಿ ಭಾರ ಅನ್ನಿಸಿದ್ರೆ ಸುಮ್ನೆ ಮಲಗ್ಬೇಡ, ಸ್ವಲ್ಪ ಹಿಂಡಿ ತೆಗಿ. ಎರಡು ವಾರ ನೋಡೋಣ.”

“ಆಮೇಲೂ ಏರದೇ ಇದ್ರೆ?”

“ಡಬ್ಬದ ಹಾಲು ಶುರು ಮಾಡೋಣ. ಅದೇನು ಪಾಪ ಅಲ್ಲ, ಎಷ್ಟೋ ಮಕ್ಕಳು ಅದರಲ್ಲೇ ಬೆಳೆದಿವೆ.”

“ಗೊತ್ತು,” ಎಂದಳು ಅವಳು. “ಆದ್ರೆ ನನ್ನ ಹತ್ರ ಇತ್ತು. ತುಂಬಾನೇ ಇತ್ತು. ಇದ್ದದ್ದು ಹೀಗೆ ಹೋಗೋದು ನನಗಿಷ್ಟ ಇಲ್ಲ.” ಕರಡಿನಲ್ಲಿ ಒಂದು ಪುಟವೇ ಕಾಣೆಯಾದಾಗಲೂ ಅವಳ ದನಿ ಇಷ್ಟು ಸಣ್ಣಗಾದದ್ದನ್ನು ಅವನು ಕೇಳಿರಲಿಲ್ಲ.

ಮರಳುವ ದಾರಿಯಲ್ಲೇ, ಜೊತೆಗೆ ಬಂದಿದ್ದ ಅತ್ತೆ ಔಷಧಿ ಅಂಗಡಿಗೆ ನುಗ್ಗಿ ಹಾಲಿನ ಪುಡಿಯ ಡಬ್ಬ ತಂದು ಅಡುಗೆಮನೆಯ ಕಪಾಟಿನಲ್ಲಿಟ್ಟರು. “ಇರ್ಲಿ ಬಿಡು, ತೆಗೀಬೇಕು ಅಂತೇನಿಲ್ಲ.” ಡಬ್ಬದ ಮೇಲೆ ಒಂದು ದುಂಡು ಮಗು ನಗುತ್ತಿತ್ತು. ಹೆಂಡತಿ ನೀರು ಕುಡಿಯಲು ಹೋದಾಗಲೆಲ್ಲ ಅದರ ಮುಖವನ್ನು ಗೋಡೆಯ ಕಡೆ ತಿರುಗಿಸುವಳು, ಅತ್ತೆ ಒರೆಸುವ ನೆಪದಲ್ಲಿ ಮತ್ತೆ ಈಚೆಗೆ ತಿರುಗಿಸುವರು.

ಹನ್ನೊಂದರ ಅಲಾರಂ ಇಟ್ಟದ್ದು ಅವನ ಫೋನಿನಲ್ಲಿ. ದಿನವಿಡೀ ಮಗುವನ್ನು ಎದೆಗೆ ಹಾಕಿ ಹಾಕಿ ಸೋತ ಹೆಂಡತಿ ಹತ್ತಕ್ಕೇ ಮಲಗಿಬಿಡುತ್ತಿದ್ದಳು. ಎಬ್ಬಿಸುವ ಹೊಣೆ ಅವನದು. ಮೊದಲ ರಾತ್ರಿ ಅಲಾರಂ ಬಡಿದಾಗ ಅವನು ಅವಳ ಮುಖ ನೋಡಿದ. ಬಾಯಿ ತೆರೆದು ನಿದ್ದೆಹೋಗಿದ್ದಳು. ತೊಟ್ಟಿಲಲ್ಲಿ ಮಗಳು ಎರಡೂ ಮುಷ್ಟಿ ಬಿಚ್ಚಿ ಮಲಗಿದ್ದಳು. ಕಟುಕನಿಗೂ ಎಬ್ಬಿಸಲು ಮನಸ್ಸು ಬಾರದು. ಪಾಪ, ಮಲಗಲಿ, ಎಂದು ಅಲಾರಂ ಆರಿಸಿದ. ಅದು ಕರುಣೆಯೇ, ಸುಳ್ಳಲ್ಲ. ಆದರೆ ಬೆಳಗ್ಗೆ ಎದ್ದ ಕೂಡಲೇ ಅದೇ ಕರುಣೆ ಕ್ಯಾಲೆಂಡರಿನಲ್ಲಿ ಇಪ್ಪತ್ತನೆಯ ಸರಿ ಗುರುತು ಹಾಕಿತು. ಮರುದಿನ ಇಪ್ಪತ್ತೊಂದು. ಆಚೆ ಮರುದಿನ ಇಪ್ಪತ್ತೆರಡು. “ಅಲಾರಂ ಆಗ್ಲಿಲ್ವಾ?” ಎಂದು ಅವಳು ಕೇಳಿದಾಗಲೆಲ್ಲ, “ಆಯ್ತು, ನೀನೇ ಏಳ್ಲಿಲ್ಲ,” ಎಂದ. ಅವನ ಪ್ರಕಾರ ಇದರಲ್ಲಿ ಮೊದಲರ್ಧ ನಿಜವಾದ್ದರಿಂದ ಒಟ್ಟಿನಲ್ಲಿ ಪರವಾಗಿಲ್ಲ.

ಕರಡು ತಿದ್ದುವವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಮೂರನೇ ಬೆಳಿಗ್ಗೆ ಅವಳು ಕ್ಯಾಲೆಂಡರಿನ ಮುಂದೆ ನಿಂತಿದ್ದಳು.

“ನಾನು ಎದ್ದಿಲ್ಲ, ಸರಿ. ಮಗೂನೂ ಎದ್ದಿಲ್ಲ ಅಂತ ನಿಮಗೆ ಖಾತ್ರಿ ಇದೆ. ಅಂದ್ರೆ ನೀವು ಎದ್ದು ನೋಡಿದ್ದೀರಿ.”

ಅವನು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡ. ಇನ್ನೂ ಜೋರಾಗಿ ಉಜ್ಜತೊಡಗಿದ.

“ನರ್ಸು ಕೊಟ್ಟಿದ್ದು ಹದಿನಾಲ್ಕು ರಾತ್ರಿ. ಮೂರನ್ನ ನಿಮ್ಮ ಸರಿ ಗುರುತಿಗೆ ಹಾಕಿ ನುಂಗಿದ್ರಿ. ಆ ಡಬ್ಬ ತೆಗೆಯೋ ದಿನ ಬಂದ್ರೆ ನೀವೇ ತೆಗೀಬೇಕು. ನನ್ನ ಕೈಲಾಗಲ್ಲ.” ಜಗಳಕ್ಕೆ ನಿಂತಿದ್ದರೆ ಅವನೂ ಒಂದೆರಡು ಮಾತು ಹುಡುಕುತ್ತಿದ್ದ. ಅವಳು ಅಷ್ಟು ಹೇಳಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಅವತ್ತು ಅವನನ್ನು ಕಳಿಸಿದ್ದು ಎಂಟು ಮಹಡಿಯ ಒಂದು ಕಟ್ಟಡಕ್ಕೆ. ದೂರು ಕೊಟ್ಟವರು ನಾಲ್ಕನೇ ಮಹಡಿಯ ನಿವೃತ್ತ ಟೀಚರಮ್ಮ. ಕೋಲೂರಿಕೊಂಡು ಲಿಫ್ಟಿನ ಬಾಗಿಲಲ್ಲೇ ಕಾದಿದ್ದರು.

“ಏನಪ್ಪಾ ಇದು ನಿಮ್ಮ ಹೊಸ ಲಿಫ್ಟು? ದಿನಾ ಬೆಳಗ್ಗೆ ಆರೂವರೆಗೆ ನಾನು ವಾಕಿಂಗಿಗೆ ಹೊರಡೋ ಹೊತ್ತಿಗೆ ಇಲ್ಲೇ ಬಂದು ನಿಂತಿರೋದು, ಸಾಕಿದ ನಾಯಿ ಥರ. ಈಗ ಕರೆದ್ರೂ ಎಲ್ಲಿಂದಲೋ ತೆವಳ್ಕೊಂಡು ಬರತ್ತೆ. ನನಗೆ ನಿಂತ್ಕೊಳ್ಳಕ್ಕಾಗಲ್ಲ.”

ಅವನು ಪ್ಯಾನೆಲ್ ಬಿಚ್ಚಿ ನೋಡಿದ. ಏನೂ ಕೆಟ್ಟಿರಲಿಲ್ಲ. “ಮಧ್ಯೆ ಊರಲ್ಲಿ ಇರ್ಲಿಲ್ವಾ ಟೀಚರ್?”

“ತಂಗಿ ಮನೇಲಿದ್ದೆ. ಒಂದು ತಿಂಗಳು.”

“ಅದೇ ಮತ್ತೆ. ಈ ಲಿಫ್ಟಿಗೆ ನೆನಪಿದೆ. ಯಾವ ಹೊತ್ತಿಗೆ ಯಾವ ಮಹಡಿಯಿಂದ ಕರೆ ಬರತ್ತೆ ಅಂತ ನೋಡಿಟ್ಕೊಂಡು, ಮೊದಲೇ ಹೋಗಿ ನಿಂತಿರತ್ತೆ. ಒಂದು ತಿಂಗಳು ಯಾರೂ ಕರೀಲಿಲ್ಲ, ಇಲ್ಲಿ ಬೇಡ ಅಂದ್ಕೊಂಡು ಬಿಟ್ಬಿಡ್ತು. ಕೆಟ್ಟಿಲ್ಲ. ನೀವು ದಿನಾ ಅದೇ ಹೊತ್ತಿಗೆ ತಪ್ಪಿಸದೆ ಕರೀರಿ. ಎರಡು ವಾರದಲ್ಲಿ ಮತ್ತೆ...”

ಸ್ಕ್ರೂಡ್ರೈವರ್ ತಿರುಗುವುದು ನಿಂತಿತು. ಲಿಫ್ಟಿನ ನೆಲದ ಮೇಲೆ ಅವನು ಮೆಲ್ಲಗೆ ಕೂತುಬಿಟ್ಟ.

“ಏನಾಯ್ತೋ? ಶಾಕ್ ಹೊಡೀತಾ?”

“ಹೂಂ ಟೀಚರ್,” ಎಂದ. ಟೀಚರೆಂದರೆ ಎಲ್ಲವನ್ನೂ ಒಪ್ಪಿಕೊಳ್ಳುವ ಹಳೇ ಚಾಳಿ. ಗುನುಗು, ಕ್ಯಾಲೆಂಡರು, ನರ್ಸು, ಅಲಾರಂ, ಎಲ್ಲ ಒಂದೇ ಉಸಿರಿಗೆ ಹೇಳಿದ. ಟೀಚರಮ್ಮ ಕೋಲಿನ ಮೇಲೆ ಗಲ್ಲವೂರಿ ಕೇಳಿದರು.

“ಅಂದ್ರೆ ನರ್ಸಮ್ಮ ಕನ್ನಡದಲ್ಲಿ ಹೇಳಿದ್ದು ತಲೆಗೆ ಹೋಗ್ಲಿಲ್ಲ, ಲಿಫ್ಟು ಹೇಳಿದ್ಮೇಲೆ ಹೋಯ್ತು.”

“ಹೂಂ ಟೀಚರ್.”

“ಹೆಂಡತಿಗೆ ಅನ್ನಿಸಿದ್ದು ಹೋಗ್ಲಿ, ಲಿಫ್ಟಿಗೆ ಅನ್ನಿಸಿದ್ದು ಗೊತ್ತಾಗತ್ತೆ ನಿನಗೆ. ನನ್ನ ಕ್ಲಾಸಲ್ಲಿದ್ದಿದ್ರೆ ಕಿವಿ ಹಿಡಿದು ಬೆಂಚ್ ಮೇಲೆ ನಿಲ್ಲಿಸ್ತಿದ್ದೆ. ಎದ್ದೇಳು, ಮನೆಗೆ ಹೋಗು. ಮೊದಲು ಆ ಬಾಗಿಲು ಸರಿಯಾಗಿ ಮುಚ್ಚು.”

ಆ ರಾತ್ರಿ ಹನ್ನೊಂದಕ್ಕೆ ಹೆಂಡತಿಯನ್ನು ಎಬ್ಬಿಸಿದ. ಅವಳು ತಲೆದಿಂಬು ಜೋಡಿಸಿಕೊಂಡು ಕೂತಳು. ಇನ್ನು ಮಗು. ಅಲ್ಲೇ ಗೊತ್ತಾದದ್ದು, ತನ್ನ ವಿದ್ಯೆಯ ಬಲವೇನೆಂದು. ಅಂಗಾಲು ಉಜ್ಜಿದ. ಬಟಾಣಿ ಮಿಸುಕಲಿಲ್ಲ. ಒದ್ದೆ ಚಡ್ಡಿ ಬದಲಿಸಿದ. ಅವಳು ನಿದ್ದೆಯಲ್ಲೇ ಇನ್ನೊಂದು ಸಲ ಒದ್ದೆ ಮಾಡಿದಳು, ಅವನ ಅಂಗಿಯ ಸಮೇತ. ಕೊನೆಗೆ ಉಪಾಯಗಾಣದೆ, ಲಿಫ್ಟಿನಲ್ಲಿ ಭಾರ ಹೆಚ್ಚಾದಾಗ ಬರುವ ಎಚ್ಚರಿಕೆಯ ಸದ್ದನ್ನು ತೊಟ್ಟಿಲಿಗೆ ಬಗ್ಗಿ ಗಟ್ಟಿಯಾಗಿ ಕೂಗಿದ: “ಟೀಂ! ಟೀಂ! ಟೀಂ!”

ಪಕ್ಕದ ಕೋಣೆಯಿಂದ ಅತ್ತೆ ಪೊರಕೆ ಹಿಡಿದು ಓಡಿ ಬಂದರು. “ಕಳ್ಳಾ? ಎಲ್ಲಿ ಕಳ್ಳ?”

“ಕಳ್ಳ ಅಲ್ಲಮ್ಮ, ನಿನ್ನ ಅಳಿಯ,” ಎಂದಳು ಹೆಂಡತಿ. ಇಡೀ ದಿನದಲ್ಲಿ ಮೊದಲ ಬಾರಿ ಅವಳ ತುಟಿಯಲ್ಲಿ ನಗು ಸುಳಿದಿತ್ತು. “ಕೊಡ್ರೀ ಇಲ್ಲಿ. ಪೂರ್ತಿ ಎಬ್ಬಿಸಬೇಕಂತಿಲ್ಲ ಅಂತ ನರ್ಸು ಹೇಳಿದ್ದು ಕೇಳಿಸ್ಕೊಂಡ್ರಾ? ಆಗ ನೀವು ಕೈ ಎತ್ಕೊಂಡು ನಿಂತಿದ್ರಿ.”

ಅವಳು ಮಗುವನ್ನು ಎದೆಗವಚಿಕೊಂಡು ತುಟಿಯ ಅಂಚಿಗೆ ಮೊಲೆ ತಾಗಿಸಿದಳು. ಬಟಾಣಿ ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದು, ನಿದ್ದೆಯಲ್ಲೇ ಚೀಪತೊಡಗಿದಳು. ಗುಟುಕು ಇಳಿಯುವ ಸದ್ದು ಕೇಳುತ್ತಾ ಮೂವರೂ ಕೂತರು; ಅತ್ತೆ ಪೊರಕೆ ಕೆಳಗಿಡುವುದನ್ನೂ ಮರೆತಿದ್ದರು.

ಉಳಿದ ರಾತ್ರಿಗಳಲ್ಲಿ ಅವನ ಕೆಲಸ ಬೇರೆಯಾಯಿತು. ಹನ್ನೊಂದಕ್ಕೆ ಮಗುವನ್ನು ಎತ್ತಿ ಕೊಡುವುದು, ಹೆಂಡತಿಗೆ ನೀರಿನ ಲೋಟ ಕೊಡುವುದು, ನಡುರಾತ್ರಿ ಅವಳು ಹಿಂಡಿ ತೆಗೆದರೆ ಬಟ್ಟಲು, ಹಾಲು ತೆಗೆಯುವ ಪಂಪು ತೊಳೆದಿಡುವುದು. ಪಂಪಿನ ಸಣ್ಣ ರಬ್ಬರ್ ವಾಲ್ವುಗಳನ್ನು ತಾನೇ ಬಿಚ್ಚಿ ಜೋಡಿಸಿದ, ಒಂದು ಉಳಿದುಹೋಯಿತು, ಮತ್ತೆ ಬಿಚ್ಚಿದ. ಗುನುಗಲು ಅವನಿಗೆ ಈಗ ಒಂಬತ್ತು ಗಂಟೆಗೆ ಮಾತ್ರ ಅಪ್ಪಣೆ, ಅದೂ ಮೂರು ಮಹಡಿ ಮಾತ್ರ. ಐದನೆಯದರಿಂದ ಶುರುಮಾಡಿದರೆ ಹೆಂಡತಿಯೂ ಮಲಗಿಬಿಡುತ್ತಾಳೆ. ಮೋಟಾರು ಕೋಣೆಯ ಮಧ್ಯಾಹ್ನದ ನಿದ್ದೆ ನಿಜಕ್ಕೂ ಮುಕ್ಕಾಲು ಗಂಟೆಯಾಯಿತು. ದೊಡ್ಡ ಮೆಕ್ಯಾನಿಕ್ ನೋಡಿಯೂ ನೋಡದವನಂತೆ ಬಾಗಿಲು ಎಳೆದುಕೊಂಡು ಹೋದ.

ಎಂಟನೆಯ ದಿನದ ಸಂಜೆ ಐದಕ್ಕೆ ಬಟಾಣಿ ಕಿರುಚಲಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು.

ಗಡುವಿನ ದಿನ ಕ್ಲಿನಿಕ್ಕಿನಲ್ಲಿ ನರ್ಸು ಮಗುವನ್ನು ತಕ್ಕಡಿಯಲ್ಲಿಟ್ಟರು. ಬಟಾಣಿ ಕಾಲು ಒದೆಯುತ್ತಿದ್ದುದರಿಂದ ಮುಳ್ಳು ಅತ್ತಿತ್ತ ಓಲಾಡಿತು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅವನು ಉಸಿರು ಬಿಗಿಹಿಡಿದ, ತನ್ನ ಉಸಿರಿಗೇ ಮುಳ್ಳು ಕೆಳಗಿಳಿದರೆ ಎಂದು.

“ಭೇಷ್!” ಎಂದರು ನರ್ಸು. “ಹೋದ ಸಲದ್ದೂ ಸೇರಿಸಿ ಏರಿದ್ದಾಳಲ್ಲ! ಡಬ್ಬ ಬೇಡ, ಹೀಗೇ ಮುಂದುವರಿಸಿ. ಯಾರು ಮಾಡಿದ್ದು ಇದನ್ನ?”

ಅವನ ಕೈ ತನ್ನಷ್ಟಕ್ಕೆ ಅರ್ಧ ಮೇಲೆದ್ದಿತು. ಪಕ್ಕದಲ್ಲಿ ಹೆಂಡತಿ ಕಣ್ಣು ತೆರೆದು ನೋಡುತ್ತಿದ್ದಳು. ಕೈ ದಾರಿಯಲ್ಲೇ ತಿರುಗಿ, ತಲೆ ಕೆರೆದುಕೊಂಡು, ಅಲ್ಲಿಂದ ಇಳಿದು ಅವಳ ಕಡೆ ತೋರಿಸಿತು.

“ಪರವಾಗಿಲ್ಲ, ಅರ್ಧ ಎತ್ತಿ,” ಎಂದಳು ಅವಳು. “ಪಂಪು ತೊಳೆದಿದ್ದೀರಿ.”

ಮನೆಗೆ ಬಂದು ಅತ್ತೆ ಡಬ್ಬವನ್ನು ಕಪಾಟಿನಿಂದ ಇಳಿಸಿ, ಸೀಲು ಒಡೆಯದ ಹಾಗೆಯೇ ಚೀಲಕ್ಕೆ ಹಾಕಿ ಅಳಿಯನ ಕೈಗಿತ್ತರು. ವೆಲ್ಡರನ ಅವಳಿಗಳಿಗೆ ಅದೇ ಪುಡಿ, ವಾರಕ್ಕೊಂದು ಡಬ್ಬ. ಮಾರನೇ ದಿನ ಅದನ್ನು ಕೊಡುವಾಗ ವೆಲ್ಡರ್ ಕೇಳಿದ: “ಗುರುವೇ, ದಾಖಲೆ ಎಲ್ಲಿಗೆ ಬಂತು?”

“ಮುರೀತು,” ಎಂದ ನಿದ್ದೆ ಮೇಸ್ತ್ರಿ, ಆಕಳಿಸುತ್ತಾ. “ನಾನೇ ಮುರಿದೆ. ದಿನಾ ಹನ್ನೊಂದು ಗಂಟೆಗೆ ಮುರೀತೀನಿ.”