ಮೈನಸ್ ನಲವತ್ತರಲ್ಲಿ ಕಾಗವಾಡಕ್ಕೆ

ನಿಪ್ಪಾಣಿಯಿಂದ ಚಿಕ್ಕೋಡಿ, ಅಂಕಲಿ, ಮಾಂಜರಿ ಮೇಲೆ ಹೋದರೆ ಕಾಗವಾಡಕ್ಕೆ ಎರಡು ತಾಸಿನ ದಾರಿ. ನಾವು ಬೆಳಿಗ್ಗೆ ಹೊರಟು ಸಂಜೆಗೆ ಮುಟ್ಟಿದೆವು. ನಾವು ಅಂದರೆ ಇಬ್ಬರು: ನಾನು ಮತ್ತು ನನ್ನ ಅಪ್ಪನ ತಾಯಿ, ಆಯಿ.

ಕಾಗವಾಡದಲ್ಲಿ ಆಯಿಯ ತಮ್ಮ ಹಾಸಿಗೆ ಹಿಡಿದು ತಿಂಗಳಾಗಿತ್ತು. ಅಪ್ಪ ಅವರನ್ನು ಮಾಮಾ ಅನ್ನುತ್ತಿದ್ದರು, ಹಾಗಾಗಿ ಮನೆಮಂದಿಗೆಲ್ಲ ಅವರು ಮಾಮಾನೇ. ಹಿಂದಿನ ದಿನ ಅವರ ಮಗ ಫೋನ್ ಮಾಡಿದ್ದ. "ಇನ್ನೂ ಗುರ್ತು ಹಿಡೀತಾರ. ಅಕ್ಕ ಎಲ್ಲಿ, ಅಕ್ಕ ಎಲ್ಲಿ ಅಂತ ಕೇಳಾಕತ್ತಾರ. ಲಗೂ ಕರ್ಕೊಂಡ ಬಾ."

ಆಯಿಯ ಹೃದಯ ನೋಡುವ ಡಾಕ್ಟರು ಬೇಸಿಗೆಯಲ್ಲಿ ಹೊರಗೆ ಕಾಲಿಡಬೇಡಿ ಎಂದಿದ್ದರು. ಬಸ್ಸಿನ ಮಾತೇ ಇರಲಿಲ್ಲ. ಅಪ್ಪನ ತಮ್ಮ, ನನ್ನ ಕಾಕಾ, ತಮ್ಮ ಕಾರು ಕೊಟ್ಟರು. ಕೊಲ್ಹಾಪುರದ ಯಾರೋ ಸಾಹುಕಾರರು ಓಡಿಸಿ ದಣಿದ ಮೇಲೆ ಇವರು ಕೊಂಡ ಗಾಡಿ ಅದು. ಒಳಗೆ ತಂಪು ಎಷ್ಟಿರಬೇಕೆಂದು ತಾನೇ ನಿರ್ಧರಿಸುವ ಯಂತ್ರವಿದೆ ಎಂಬುದೇ ಅದರ ದೊಡ್ಡಸ್ತಿಕೆ. "ಆಟೊ ಒತ್ತು, ಇಪ್ಪತ್ನಾಕು ಇಡು, ಸುಮ್ಮ ಕುಂದ್ರು. ಮುಂದಿಂದು ಅದಽ ತಿಳ್ಕೋತೈತಿ. ನಿನಕಿಂತ ಶಾಣ್ಯಾ ಐತಿ," ಎಂದರು ಕಾಕಾ. ಅವರ ದನಿಯನ್ನು ನಾನು ಚೆನ್ನಾಗಿ ಮಾಡುತ್ತೇನೆ. ಒಮ್ಮೆ ಫೋನಿನಲ್ಲಿ ಕಾಕೂಗೆ "ಇವತ್ತ ರೊಟ್ಟಿ ಬ್ಯಾಡ" ಎಂದು ಹೇಳಿ ಕಾಕಾನನ್ನು ಅರೆಹೊಟ್ಟೆಯಲ್ಲಿ ಮಲಗಿಸಿದ್ದೇನೆ. ಚಾಲಕನಾಗಿ ನನ್ನ ಯೋಗ್ಯತೆ ಮಾತ್ರ ಅಷ್ಟಿಲ್ಲ.

ಅಂದು ಅಮವಾಸ್ಯೆ. ಅಮಾಸಿ ದಿನ ಆಯಿ ಊರು ಬಿಡುವವಳಲ್ಲ. ತಮ್ಮನಿಗಾಗಿ ಹೊರಟಳು, ಆದರೆ ಬರಿಗಾಡಿಯಲ್ಲಿ ಅಲ್ಲ. ಕಾರಿನ ಮುಂದೆ ಒಣಗಿ ನೇತಾಡುತ್ತಿದ್ದ ನಿಂಬೆಹಣ್ಣು-ಮೆಣಸಿನಕಾಯಿಯ ಸರವನ್ನು ಜಗ್ಗಿ ಕಿತ್ತು ಎಸೆದಳು. ಎರಡು ನಿಂಬೆಹಣ್ಣು ಪೋಣಿಸಿದ ಹೊಸದನ್ನು ಮುಂದಿನ ಜಾಲರಿಯ ಒಳಗೆ ಕೈಹಾಕಿ ಬಿಗಿದು ಕಟ್ಟಿದಳು.

"ಒಂದು ಸಾಕಲ್ಲ ಆಯಿ, ಎರಡು ಯಾಕ?"

"ಗಾಡಿ ಹೊಡ್ಯಾಂವ ನೀ ಅದಿ. ಎರಡೂ ಕಡಿಮೀನಽ."

ಕಾಸಿ ಸೋಸಿದ ನೀರಿನ ಸ್ಟೀಲ್ ಕ್ಯಾನನ್ನು ಕಾಲಬಳಿ ಇಟ್ಟುಕೊಂಡಳು. ನಾವು ಜೈನರು. ಆಯಿ ಹೊರಗಿನ ನೀರು ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಮನೆಯ ನೀರನ್ನೂ ಕುಡಿಯುವುದಿಲ್ಲ.

ನಿಪ್ಪಾಣಿ ದಾಟುವ ಮೊದಲೇ ಕಾರು ಬಿಸಿ ಗಾಳಿ ಊದತೊಡಗಿತು. ಇಪ್ಪತ್ನಾಲ್ಕನ್ನು ಹದಿನೆಂಟಕ್ಕೆ ಇಳಿಸಿದೆ. ಇನ್ನಷ್ಟು ಜೋರಾಗಿ ಬಿಸಿ ಊದಿತು. ಹೊರಗಿನ ಹವೆ ಎಷ್ಟು ಡಿಗ್ರಿ ಎಂದು ತೋರಿಸುವ ಪುಟ್ಟ ಗಾಜಿನಲ್ಲಿ ಮೈನಸ್ ನಲವತ್ತು ಎಂದಿತ್ತು. ಹಿಂದಿನ ದಿನ ಎಲ್ಲವೂ ಸರಿಯಿತ್ತು.

ಚಿಕ್ಕೋಡಿಯ ಗ್ಯಾರೇಜಿನವನು ಬಾನೆಟ್ ಎತ್ತಿ, ಒಂದು ಕೊಳವೆ ಮುಟ್ಟಿ, "ಗ್ಯಾಸ್ ಹೋಗೇತ್ರಿ," ಎಂದ.

"ಮೈನಸ್ ನಲವತ್ತು ಅಂತ ತೋರಸಾಕತ್ತೇತ್ರಿ," ಎಂದೆ.

"ಅದನ್ನ ನೋಡಬ್ಯಾಡ್ರಿ, ಅದು ಶೋಕ್ಕ ಇರತೈತಿ."

ಗ್ಯಾಸ್ ತುಂಬುವುದರಲ್ಲಿ ಬಿಸಿಲು ಏರಿತು. ತುಂಬಿದ ಮೇಲೂ ಬಿಸಿಯೇ ಬಂತು. ಹಿಂದಿನ ಸೀಟಿನಿಂದ ಆಯಿ, "ಸೀದಾ ಮಾಂಜರಿ ಹಾದಿ ಹಿಡಿ. ಬಿಸಿಲು ನನಗೇನ ಹೊಸಾದೇನ?" ಎಂದಳು. ನಾನು ಕಾಕಾನಿಗೆ ಫೋನ್ ಮಾಡಿದೆ. "ಹಂಗ ಒಯ್ಯಬ್ಯಾಡ ಲೇ, ಅವ್ವಗ ಏನರ ಆದ್ರ? ರಾಯಬಾಗದಾಗ ಎಸಿ ಮಾಡಾಂವ ಒಬ್ಬ ಅದಾನ," ಎಂದರು. ಕಾರು ರಾಯಬಾಗದ ಕಡೆ ಹೊರಳಿತು.

ಕರೋಶಿ ಹಿಂದೆ ಬಿತ್ತು. ಕಿಟಕಿ ತೆರೆದರೆ ಹೊರಗಿನ ಬೆಂಕಿ, ಮುಚ್ಚಿದರೆ ಒಳಗಿನದು. ಕನ್ನಡಿಯಲ್ಲಿ ಆಯಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅವಳನ್ನು ನಗಿಸೋಣವೆಂದು ಮಾಮಾನ ದನಿ ತೆಗೆದೆ. ಎಳೆದು, ಮೂಗಿನಲ್ಲಿ ಮುಗಿಸುವ ದನಿ ಅದು. "ಅಕ್ಕಾ, ಬಂದೀ? ತಡಾ ಮಾಡಿದಿ ನೋಡು."

ಆಯಿ ಮುಂದೆ ಬಾಗಿ ನನ್ನ ಬೆನ್ನಿಗೆ ಒಂದು ಕೊಟ್ಟಳು. "ಮಂಗ್ಯಾ. ಹಂಗಽ ಅಂತಾನ. ಇನ್ನೊಮ್ಮಿ ಅನ್ನು."

ಇನ್ನೊಮ್ಮೆ ಅಂದೆ. ರಾಯಬಾಗ ಬರುವತನಕ ಹತ್ತು ಸಲ ಅಂದಿರಬೇಕು.

ರಾಯಬಾಗದವನು ಡ್ಯಾಶ್‌ಬೋರ್ಡಿನ ಹೊಟ್ಟೆ ಬಗೆದು ನೋಡಿ, "ಕಂಪ್ರೆಸರ್ ಹೋಗೇತ್ರಿ, ಪುಣೆದಿಂದ ತರಸಬೇಕು," ಎಂದ. ಬೇವಿನ ನೆರಳಿನಲ್ಲಿ ಆಯಿ ಅರ್ಧ ಚಪಾತಿಗೆ ಶೇಂಗಾ ಹಿಂಡಿ ಹಚ್ಚಿಕೊಂಡಳು, ತಿನ್ನಲಿಲ್ಲ. ಕ್ಯಾನಿನಲ್ಲಿ ಅರ್ಧ ನೀರು ಉಳಿದಿತ್ತು. ಕಾಗವಾಡದಿಂದ ಮತ್ತೆ ಫೋನ್ ಬಂತು. "ಎಲ್ಲಿ ಅದೀರೋ? ಬಾಗಲಾ ಬಿಟ್ಟು ಕಣ್ಣ ತಗೀವಲ್ರು."

"ಬಂದ್ವಿ, ಬಂದ್ವಿ," ಎಂದೆ. ಆ ಸುಳ್ಳನ್ನು ನನ್ನ ಸ್ವಂತ ದನಿಯಲ್ಲೇ ಹೇಳಿದೆ.

ಕುಡಚಿಯ ಹತ್ತಿರ ಕೃಷ್ಣಾ ನದಿ ದಾಟಿದರೆ ಎಡಕ್ಕೆ ಕಾಗವಾಡ, ಬಲಕ್ಕೆ ಅಥಣಿ. ಅಥಣಿಯಲ್ಲಿ ಮಷೀನ್ ಹಚ್ಚಿ ರೋಗ ಹೇಳುವವನಿದ್ದಾನೆ, ತಾಸಿನೊಳಗೆ ಕೆಲಸ ಮುಗಿಯುತ್ತದೆ ಎಂದು ಕಾಕಾ ಹೇಳಿದ್ದರು. ಆಯಿ "ಎಡಕ್ಕ ಹೊಡಿ," ಎಂದಳು. ಕನ್ನಡಿಯಲ್ಲಿ ನೋಡಿದೆ. ಮುಖ ಕೆಂಪಾಗಿತ್ತು, ತುಟಿ ಒಣಗಿತ್ತು, ಒಂದು ಕೈ ಎದೆಯ ಮೇಲಿತ್ತು. ಆ ಕೈ ನೋಡಿ ಹೆದರಿ ಬಲಕ್ಕೆ ಹೊರಳಿಸಿದೆ.

ಅಥಣಿಯಲ್ಲಿ ಅವಳನ್ನು ರಸ್ತೆಯಾಚೆಯ ಕಿರಾಣಿ ಅಂಗಡಿಯ ಬಾಕಿನ ಮೇಲೆ ಕೂರಿಸಿ ಬಂದೆ. ಮೇಸ್ತ್ರಿ ಮಷೀನಿನ ವಾಯರ್ ಸಿಕ್ಕಿಸಿ ನೋಡಿದ. "ಹೊರಗ ಎಷ್ಟ ಬಿಸಿ ಐತಿ ಅಂತ ಹೇಳೂ ಸೆನ್ಸರ್ ಕಡದೈತ್ರಿ. ಹೊರಗ ಹಿಮಾ ಬಿದ್ದೈತಿ ಅಂತ ತಿಳಕೊಂಡು ಗಾಡಿ ಎಸಿ ಬಂದ್ ಮಾಡಿ ಹೀಟರ್ ಹಚ್ಚೈತಿ," ಎಂದ. ಸೆನ್ಸರ್ ಇರುವುದು ಮುಂದಿನ ಜಾಲರಿಯ ಹಿಂದೆ. ಇಬ್ಬರೂ ಬಗ್ಗಿ ನೋಡಿದೆವು.

ಬೆರಳುಗಾತ್ರದ ಸೆನ್ಸರು, ಅದರಿಂದ ಕಿತ್ತು ಜೋಲುವ ವಾಯರು. ಆ ವಾಯರಿಗೆ ಆಯಿ ಜಗ್ಗಿ ಕಿತ್ತಿದ್ದ ಹಳೆಯ ಸರದ ಗಂಟು, ಗಂಟಿನ ಪಕ್ಕದಲ್ಲೇ ಬೆಳಿಗ್ಗೆಯ ಹಸಿ ನಿಂಬೆಹಣ್ಣುಗಳು ಎರಡು.

ಮೇಸ್ತ್ರಿ ನಕ್ಕು ನೆಲಕ್ಕೇ ಕೂತ. "ಇಲ್ಲಿ ನಿಂಬಿಹಣ್ಣ ಕಟ್ಟಿದ ಶಾಣ್ಯಾ ಯಾರ್ರಿ?"

"ನಾನರಿ," ಎಂದೆ.

"ದೃಷ್ಟಿ ಗಾಡೀಗಲ್ರಿ, ನಿಮಗ ತಗೀಬೇಕು."

ರಸ್ತೆಯಾಚೆಯಿಂದ ಆಯಿ ಕೈಯಾಡಿಸಿ "ಏನಂತ?" ಎಂದು ಕೇಳಿದಳು. "ಗ್ಯಾಸಂತ ಆಯಿ," ಎಂದು ಕೂಗಿದೆ. ಮೇಸ್ತ್ರಿ ವಾಯರ್ ಜೋಡಿಸಿ ಟೇಪು ಸುತ್ತಿದ. ಎಸೆಯಲು ಹೊರಟಿದ್ದ ನಿಂಬೆಹಣ್ಣುಗಳನ್ನು ನಾನು ಇಸಿದುಕೊಂಡು ನಂಬರ್ ಪ್ಲೇಟಿಗೆ ಕಟ್ಟಿದೆ. ಗಾಜಿನಲ್ಲಿ ನಲವತ್ತು ಎಂದು ಬಂತು. ಗಾಡಿ ಬೆಳಗಿನಿಂದ ಅಂಕಿ ಸರಿಯಾಗಿಯೇ ಹೇಳುತ್ತಿತ್ತು, ಮುಂದಿನ ಮೈನಸ್ ಗೆರೆಯೊಂದೇ ಹೆಚ್ಚಾಗಿತ್ತು.

ತಣ್ಣನೆಯ ಗಾಳಿಯಲ್ಲಿ ಕಾಗವಾಡದ ದಾರಿ ಹಿಡಿದೆವು. ಆಯಿಯ ಮುಖಕ್ಕೆ ಬಣ್ಣ ಮರಳಿತು. ಮಂಗಸೂಳಿ ಬಂದಾಗ ಮಲ್ಲಯ್ಯನ ಗುಡಿಯ ದಿಕ್ಕಿಗೆ ಕೈಮುಗಿದಳು. "ನಾನು ತಮ್ಮನ ಮನಿ ಒಳಗ ಹೋಗೂತನಕ ನೀ ಬಾಯಿ ತಗೀಬ್ಯಾಡ ಮತ್ತ," ಎಂದಳು. "ನಿನ್ನ ದನೀನಽ ಮೊದಲ ಕೇಳಿದ್ರ ತಾನಽ ಮಾತಾಡೇನಿ ಅಂತ ತಿಳಕೊಂಡಾನು."

ಮನೆಯ ಓಣಿಗೆ ಹೊರಳಿದಾಗ ಕಟ್ಟೆಯ ಕೆಳಗೆ ಚಪ್ಪಲಿಗಳು ಕಂಡವು. ಬಹಳ ಚಪ್ಪಲಿಗಳು. ನಾನು ಬ್ರೇಕ್ ಒತ್ತಿದೆ. ಆಯಿ ಅವನ್ನು ನೋಡಿದಳು. "ಇಳಸು," ಎಂದಳು.

ಮಾಮಾನ ಮಗ ಬಂದು ಅವಳ ಕೈ ಹಿಡಿದ. "ತಾಸಿನ ಹಿಂದ ಹೋದ್ರು ಅತ್ತಿ. ನಿಮ್ಮ ಸಲುವಾಗಿ ತಡದೀವಿ."

ಹೊತ್ತು ಮುಳುಗುವ ಮೊದಲು ಸಂಸ್ಕಾರ ಮುಗಿಸಬೇಕೆಂದು ಹಿರಿಯರು ಅವಸರ ಮಾಡುತ್ತಿದ್ದರು. ಆಯಿ ತಮ್ಮನ ಪಾದ ಹಿಡಿದು ಕೂತಳು, ಅಷ್ಟೇ. ಅವರು ಮಾಮಾನನ್ನು ಎತ್ತಿಕೊಂಡು ಹೋದರು. ನಾನು ಕ್ಯಾನ್ ತಂದು ನೀರು ಬಗ್ಗಿಸಿದಾಗ ಅವಳು ಬಾಗಿಲಾಚೆಯ ಬೆಳಕು ನೋಡಿ, "ಹೊತ್ತ ಮುಳುಗೇತಿ," ಎಂದಳು.

ಮೂರನೆಯ ದಿನ ಮಾಂಜರಿಯ ಮೇಲೆ ಮರಳಿದೆವು. ಎರಡೇ ತಾಸು. ಒಳಗೆ ಇಪ್ಪತ್ನಾಲ್ಕು. ಅಷ್ಟಕ್ಕೇ ಚಳಿಯಾಗಿ ಆಯಿ ಶಾಲು ಹೊದ್ದುಕೊಂಡಳು. ನಾನು ಎಸಿ ಆರಿಸಿ ಕಿಟಕಿ ಇಳಿಸಿದೆ.

"ಅಮಾಸಿ ದಿನಾ ಹೊಂಟ್ರೂ ಹಾದ್ಯಾಗ ಏನೂ ಆಗಲಿಲ್ಲ ನೋಡು," ಎಂದಳು. "ನಿಂಬಿಹಣ್ಣು ಕಾದ್ವು."

ಎಲ್ಲರನ್ನೂ ಆಡಿಕೊಂಡು ಬದುಕಿದವನು ನಾನು. ಇಂಥ ಮಾತು ಕೈಗೆ ಸಿಕ್ಕರೆ ಹತ್ತು ವರ್ಷ ಮದುವೆಮನೆಗಳಲ್ಲಿ ಹೇಳಿ ನಗಿಸಬಲ್ಲೆ. "ಹೌದ್ ಆಯಿ," ಎಂದೆ.

ಸ್ವಲ್ಪ ದೂರ ಬಂದ ಮೇಲೆ, "ಅವನಂಗ ಒಮ್ಮಿ ಅನ್ನು," ಎಂದಳು.

"ಅಕ್ಕಾ," ಎಂದೆ. ಮುಂದಿನದು ತಡ ಮಾಡಿದ ಮಾತು. ಅದನ್ನು ಅನ್ನಲಾಗಲಿಲ್ಲ. ಅವಳೂ ಕಾಯಲಿಲ್ಲ, ಕಿಟಕಿಯತ್ತ ತಿರುಗಿದಳು.

ಇದನ್ನೆಲ್ಲ ಬರೆಯಲು ಧೈರ್ಯ ಬಂದದ್ದು ಆಯಿ ಮರಾಠಿ ಶಾಲೆಯಲ್ಲಿ ಕಲಿತವಳಾದ್ದರಿಂದ. ಕನ್ನಡ ಆಡುತ್ತಾಳೆ, ಓದುವುದಿಲ್ಲ. ಮುಂದಿನ ಅಮವಾಸ್ಯೆಗೆ ಅವಳು ಹೊಸ ಸರ ಹಿಡಿದು ಬಂದು ಜಾಲರಿಯೊಳಗೆ ಕೈ ಹಾಕಿದಳು. ನಾನು ಆ ಕೈಯನ್ನು ಮೆಲ್ಲಗೆ ಹಿಡಿದು ನಂಬರ್ ಪ್ಲೇಟಿನ ಹತ್ತಿರ ಒಯ್ದೆ.

"ಇಲ್ಲಿ ಕಟ್ಟು ಆಯಿ. ಇಲ್ಲಿ ಗಟ್ಟಿ ಇರತೈತಿ."