ಬೋರಣ್ಣ ಕಿತ್ತುಕೊಂಡ ಪಚ್ಚೆಲಿಂಗ

ಬೋರಣ್ಣ ಉಸಿರಾಡಿದರೆ ಮೂಗು ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು. ಮೂವತ್ತು ವರ್ಷ ಕ್ರೋಮಿಯಂ ತೊಟ್ಟಿಯ ಹಬೆ ಕುಡಿದು ಮೂಗಿನ ನಡುಗೋಡೆಗೇ ತೂತು ಬಿದ್ದಿತ್ತು. ಬೆಳಗೊಳದ ಹತ್ತಿರ, ನೀರಿನ ನಲ್ಲಿಗಳಿಗೂ ಬೈಕಿನ ಬಿಡಿಭಾಗಗಳಿಗೂ ಹೊಳಪಿನ ಪ್ಲೇಟಿಂಗ್ ಮಾಡುವ ನಮ್ಮ ಸಣ್ಣ ಕಾರ್ಖಾನೆಗೆ ಅವನು ಮೇಸ್ತ್ರಿ, ನಾನು ಹೆಸರಿಗೆ ಮಾಲೀಕ. ಏನು ಹೇಳಿದರೂ ಅವನದು ಒಂದೇ ಮಾತು: "ತಡೀರಿ ಸಾ." ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ತೊಟ್ಟಿಗಳಿಂದ ತೆಗೆದ ವಿಷದ ಕೆಸರು ಮೂಟೆಮೂಟೆಯಾಗಿ ಶೆಡ್ಡು ತುಂಬಿತ್ತು. ವಿಲೇವಾರಿ ಮಾಡದಿದ್ದರೆ ಬೀಗ ಹಾಕುತ್ತೇವೆ ಎಂದು ಮಾಲಿನ್ಯ ಮಂಡಳಿಯಿಂದ ನೋಟಿಸು ಬಂತು. ಮೈಸೂರಿನ ಕಾಲೇಜು ಮೇಷ್ಟರೊಬ್ಬರು ದಾರಿ ತೋರಿಸಿದರು. ಕೆಸರಿಗೆ ಭತ್ತದ ಹೊಟ್ಟಿನ ಬೂದಿ, ಒಡೆದ ಬಾಟಲಿ ಬೆರೆಸಿ ಕುಲುಮೆಯಲ್ಲಿ ಕರಗಿಸಿದರೆ ಗಾಜಾಗುತ್ತದೆ, ವಿಷ ಅದರೊಳಗೇ ಸೆರೆಯಾಗುತ್ತದೆ, ಆ ಗಾಜನ್ನು ಟೈಲ್ಸ್ ಮಾಡುವವರು ಕೊಳ್ಳುತ್ತಾರೆ. ಮೊದಲ ಸಲವೇ ಪಚ್ಚೆಯಂಥ ಗಾಜು ಬಂತು. ನನ್ನ ಖುಷಿಗೆ ಕಡಿವಾಣವಿಲ್ಲ. ನುಣುಪಾದ ಒಂದು ತುಂಡನ್ನು ನಾಗಮಂಗಲದ ಅತ್ತೆಗೆ ಕೊಟ್ಟು ಬಂದೆ.

ವಾರದ ಮೇಲೆ ಟೈಲ್ಸಿನವರ ಲಾರಿ ಬಂದರೆ ಬೋರಣ್ಣ ಗೇಟಿಗೆ ಅಡ್ಡ ನಿಂತ.

"ತಡೀರಿ ಸಾ. ಗಾಜಿನಂಗೆ ಕಂಡೇಟ್ಗೆ ಗಾಜಾಗ್ಬುಡ್ತದಾ? ಹುಳೀಲಿ ನೆನೆ ಹಾಕಿ ನೋಡ್ಬೇಕು, ವಿಸ ಬುಡ್ತದೋ ಇಲ್ವೋ ಅಂತ."

ಕೂಗಾಡಿದೆ, ಕೈಮುಗಿದೆ. ಲಾರಿ ಖಾಲಿ ಹೋಯಿತು. ಸಿಟ್ಟಿನಲ್ಲಿ, "ನಮ್ಮತ್ತೆ ಮನೇಲಿ ಒಂದು ತುಂಡಿದೆ, ಏನಾಗಿದೆ ಈಗ?" ಎಂದುಬಿಟ್ಟೆ. ಅವನ ಮುಖ ಬಿಳಿಚಿಕೊಂಡಿತು. ಆಗಲೇ ನನ್ನನ್ನು ಬೈಕು ಹತ್ತಿಸಿದ.

ಹೋಗಿ ನೋಡಿದರೆ ಅತ್ತೆ ಅದನ್ನು ಪಚ್ಚೆಲಿಂಗವೆಂದು ದೇವರ ಗೂಡಿನಲ್ಲಿಟ್ಟು, ದಿನಾ ಮೊಸರಿನ ಅಭಿಷೇಕ ಮಾಡಿ, ಆ ತೀರ್ಥ ಕುಡಿಯುತ್ತಿದ್ದರು!

"ಅವ್ವಾ, ಕಾರ್ಖಾನೆ ಸಾಮಾನು ಇದು, ಕೊಟ್ಬುಡಿ," ಎಂದ ಬೋರಣ್ಣ. ಅತ್ತೆ ಕೊಡಲಿಲ್ಲ. ಅವನೇ ಎತ್ತಿ ಜೇಬಿಗೆ ಹಾಕಿಕೊಂಡ.

"ದೇವ್ರನ್ನೇ ಕಿತ್ಕೊಂಡೋಯ್ತಿಯಲ್ಲಲಾ, ನಿನ್ ಕೈ ಸೇದೋಗಾ!" ಎಂದು ಅತ್ತೆ ಬೀದಿಯವರೆಗೂ ಅಟ್ಟಿಸಿಕೊಂಡು ಬಂದರು. ನಾನು ನಾಚಿಕೆಯಿಂದ ಸತ್ತೆ.

ಮೇಷ್ಟರು ಹುಳಿಯಲ್ಲಿ ನೆನೆಸಿ ಪರೀಕ್ಷಿಸಿದಾಗ ಅದೇ ತುಂಡು ವಿಷ ಬಿಟ್ಟಿತು. ಕುಲುಮೆಯ ಶಾಖ ಸಾಲದೆ ಅರ್ಧಂಬರ್ಧ ಗಾಜಾಗಿತ್ತು. ಅತ್ತೆಗೆ ಹೇಳಿಬಿಡುತ್ತೇನೆ ಎಂದು ಎದ್ದೆ.

"ತಡೀರಿ ಸಾ. ಸುಗರ್ ಟೆಸ್ಟು ಅಂತೇಳಿ ಮೊದ್ಲು ಡಾಕ್ಟ್ರುಗೆ ತೋರ್ಸಿ. ಏನೂ ಇಲ್ದಿದ್ರೆ ಯೋಳ್ಲೇಬ್ಯಾಡಿ. ವಿಸ ಕುಡ್ದೆ ಅಂತ ಎದ್ರುಕೊಂಡೇ ಸಾಯ್ತಾರೆ. ಅವ್ವಾರು ನನ್ನೇ ಬೈಕೊಳ್ಳಿ ಬುಡಿ."

ಡಾಕ್ಟರು ಏನೂ ತೊಂದರೆಯಿಲ್ಲ ಎಂದರು. ಬೋರಣ್ಣ ಕುಲುಮೆಗೆ ಒಳಗೋಡೆ ಹೊಸದಾಗಿ ಕಟ್ಟಿಸಿ, ಇನ್ನೆರಡು ಸಲ ಕರಗಿಸಿ, ಪರೀಕ್ಷೆಯಲ್ಲಿ ಪಾಸಾದ ಮೇಲೆಯೇ ಲಾರಿ ಬಿಟ್ಟ. ಶೆಡ್ಡು ಖಾಲಿಯಾಯಿತು, ಬೀಗ ತಪ್ಪಿತು.

ಕೊನೆಯ ಸಲ ಅವನನ್ನು ನೋಡಿದ್ದು ಪಾಂಡವಪುರದ ಆಸ್ಪತ್ರೆಯಲ್ಲಿ. ಎದೆಯ ಕಾಯಿಲೆ, ಮಾತಿಗೂ ದಮ್ಮಿಲ್ಲ.

"ಅವ್ವಾರು ಇನ್ನೂ ಬೈತಾರಾ ಸಾ?"

"ಬೈತಾರಲ್ಲ, ದಿನಾ."

"ಅಂಗಾರೆ ಗಟ್ಟಿಯಾಗವ್ರೆ ಬುಡಿ," ಎಂದು ನಕ್ಕ.

ಮೂರನೆಯ ದಿನ ಹೋಗಿಬಿಟ್ಟ. ಅತ್ತೆ ಇಂದಿಗೂ ಪೂಜೆಗೆ ಕೂತರೆ ಮೊದಲು ಅವನಿಗೆ ಶಾಪ ಹಾಕುತ್ತಾರೆ. ಹೋದಾಗಲೆಲ್ಲ ನಾನು ಪಕ್ಕದಲ್ಲಿ ಸುಮ್ಮನೆ ನಿಂತಿರಬೇಕು. ಸತ್ತ ಮೇಲೂ ನನ್ನ ಬಾಯಿ ಕಟ್ಟಿಹಾಕಿದ್ದಾನೆ, ಪುಣ್ಯಾತ್ಮ.