ಮಡುವಿನಿಂದ ಬಂದ ಫೋನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮಡುವಿನ ಮೀನು ಸತ್ತದ್ದು ನನ್ನ ಬಾಯಿಯಿಂದ. ಓದು ತಲೆಗೆ ಹತ್ತದ ನನಗೆ ದೇವರು ಕೊಟ್ಟದ್ದು ಅದೊಂದೇ. ಬಸ್ ಕಂಡಕ್ಟರು, ದೊಡ್ಡ ಸಾಹೇಬರು, ನಮ್ಮಪ್ಪ, ಹೆಣ್ಣು ನೋಡಲು ಹೋಗಿ ತೊದಲಿದ ನಾನು, ಯಾರ ದನಿಯಾದರೂ ತೆಗೆಯುತ್ತಿದ್ದೆ.

ರಾಯಚೂರಿನಿಂದ ದಿನಾ ಕಲ್ಮಲ ದಾಟಿ ಕೆಲಸಕ್ಕೆ ಹೋಗುತ್ತಿದ್ದೆ. ಮಾನ್ವಿ ಕಡೆಯ ಸಣ್ಣ ಊರು, ಹೆಸರು ಬೇಡ. ಊರಿನ ಚರಂಡಿ ನೀರನ್ನು ಶುದ್ಧ ಮಾಡಿ ಹಳ್ಳಕ್ಕೆ ಬಿಡುವ ಘಟಕ. ಯಂತ್ರ ನೋಡಿಕೊಳ್ಳಲು ಎಲ್ಲರೂ ಚಾಚಾ ಎನ್ನುತ್ತಿದ್ದ ಹಿರಿಯರು, ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕಳಿಸಲು ನಾನು. ಸಂಜೆ ಬಸ್ಸಿನಲ್ಲಿ ನನ್ನ ಅಂಗಿಯ ವಾಸನೆಗೆ ಪಕ್ಕದ ಸೀಟು ತಾನಾಗಿಯೇ ಖಾಲಿಯಾಗುತ್ತಿತ್ತು.

ಹಳ್ಳ ಹೊಳೆ ಸೇರುವ ಮುಂಚೆ ಒಂದು ಮಡುವಿದೆ. ಬೇಸಿಗೆಯಲ್ಲಿ ಹಳ್ಳ ಒಣಗಿದರೆ ಅದಕ್ಕೆ ನಮ್ಮ ನೀರೇ ದಿಕ್ಕು. ಮಡುವಿನಲ್ಲಿ ಉಳಿದ ಮೀನು ಮಳೆ ಬಿದ್ದ ಮೇಲೆ ಹೊಳೆಗಿಳಿದು ಮರಿ ಮಾಡಬೇಕು. ಅಲ್ಲಿ ಬಲೆ ಹಾಕುತ್ತಿದ್ದ ಮುದುಕನೊಬ್ಬ ಬೇಸಿಗೆ ಪೂರ್ತಿ ತಾನೂ ಹಿಡಿಯುತ್ತಿರಲಿಲ್ಲ, ಬೇರೆಯವರಿಗೂ ಬಿಡುತ್ತಿರಲಿಲ್ಲ. ಮುಂದಿನ ವರ್ಷದ ಅವನ ಅನ್ನ ಅಲ್ಲೇ ಈಜಾಡುತ್ತಿತ್ತು.

ಕರೆಂಟು ಹೋದರೆ ನಮ್ಮ ಯಂತ್ರ ನಿಲ್ಲುತ್ತದೆ. ಆಗ ಗೇಟು ಮುಚ್ಚಿ ಹೊಲಸು ನೀರನ್ನು ಟ್ಯಾಂಕಿನಲ್ಲಿ ತಡೆದಿಡಬೇಕು. ಗೇಟಿನ ಕೆಳಗೆ ಹರಿದ ಬಟ್ಟೆಯೋ ಪ್ಲಾಸ್ಟಿಕ್ಕೋ ಸಿಕ್ಕಿಕೊಂಡರೆ ನೀರು ನುಸುಳಿ ನೆಲದೊಳಗಿನ ಪೈಪಿನಿಂದ ಹಳ್ಳಕ್ಕೆ ಹೋಗುತ್ತದೆ. ನಮಗೆ ಕಾಣುವುದಿಲ್ಲ, ಮುದುಕನಿಗೆ ಕಾಣುತ್ತದೆ. ಅವನ ಬಳಿ ಫೋನಿರಲಿಲ್ಲ. ಕುರಿ ಕಾಯುವವರದೋ ದಾರಿಹೋಕರದೋ ಇಸಿದುಕೊಂಡು, ಎರಡು ಸಲ ಕೆಮ್ಮಿ, ತಮ್ಮಾ, ನೀರು ಕರ್ರಗ ಬರಾಕತ್ತಾವ ಅನ್ನುತ್ತಿದ್ದ. ಚಾಚಾ ಓಡಿ ಗೇಟು ಎತ್ತಿ, ಕಸ ತೆಗೆದು, ಮತ್ತೆ ಇಳಿಸುತ್ತಿದ್ದರು. ಇಡೀ ಘಟಕದಲ್ಲಿ ಕೆಡದೆ ನಡೆಯುತ್ತಿದ್ದ ವ್ಯವಸ್ಥೆಯೆಂದರೆ ಮುದುಕನ ಕೆಮ್ಮು.

ಅದನ್ನೂ ನಾನು ಬಿಡಲಿಲ್ಲ. ಯಾರದಾದರೂ ಫೋನಿನಿಂದ ಮುದುಕನಂತೆ ಕೆಮ್ಮಿ ಚಾಚಾನನ್ನು ಓಡಿಸುವುದು, ತಿರುಗಿ ಬಂದ ಮೇಲೆ ನಗುವುದು. ಅವರೂ ಬೈದು ನಗುತ್ತಿದ್ದರು.

ಆವತ್ತು ನಾನು ರಜೆ ಹಾಕಿ ದೇವದುರ್ಗಕ್ಕೆ, ಚಿಕ್ಕಮ್ಮನ ಮಗಳ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಹುಡುಗರು ಒತ್ತಾಯ ಮಾಡಿದರು. ಬೇರೆ ಬೇರೆ ಫೋನಿನಿಂದ ಎರಡು ಸಲ ಕೆಮ್ಮಿದೆ. ಎರಡು ಸಲವೂ ಚಾಚಾ ಬಿಸಿಲಲ್ಲಿ ಗೇಟಿಗೆ ಹೋಗಿ ಬಂದರು. ಬೆಳಿಗ್ಗೆಯಿಂದ ಬಂದು ಹೋಗಿ ಮಾಡುತ್ತಿದ್ದ ಕರೆಂಟು ಮಧ್ಯಾಹ್ನ ಪೂರ್ತಿ ಹೋಯಿತು. ಮೂರನೆಯ ಫೋನು ಬಂತು. “ಬಸ್ ಕರ್ ರೇ ಬೇಟಾ, ಸಾಕು, ಹೋಳಿಗಿ ಉಣ್ಣು” ಎಂದು ಚಾಚಾ ಇಟ್ಟುಬಿಟ್ಟರು. ಮತ್ತೆ ಬಂದದ್ದನ್ನು ಎತ್ತಲೇ ಇಲ್ಲ.

ಮರುದಿನ ನಾನು ಹೋದಾಗ ಅವರ ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. “ಮೀನು ಮ್ಯಾಲ ಬಂದು ಬಾಯಿ ತೆಗಿಯಾಕತ್ತಾವ ಅಂತ ಮುದುಕ ಹೇಳಿದ್ದ. ನೀನೇ ಇವತ್ತು ಹೊಸಾದು ಸೇರಿಸೀದಿ ಅಂದ್ಕೊಂಡೆ” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮಡುವಿಗೆ ಒಬ್ಬನೇ ಹೋದೆ. ದಂಡೆಯುದ್ದಕ್ಕೂ ಮೀನು ಬೆಳ್ಳಗೆ ಹೊಟ್ಟೆ ಮೇಲಾಗಿ ಬಿದ್ದಿದ್ದವು, ಕೆಲವುಗಳ ಹೊಟ್ಟೆಯಲ್ಲಿ ತತ್ತಿಯಿತ್ತು. ಮುದುಕ ಬುಟ್ಟಿಯಲ್ಲಿ ತುಂಬಿ ಒಯ್ದು ಗುಂಡಿಗೆ ಹಾಕುತ್ತಿದ್ದ. ನಾನೂ ಬುಟ್ಟಿಯ ಒಂದು ಕಡೆ ಹಿಡಿದೆ. ಎಷ್ಟೋ ಹೊತ್ತಿನ ಮೇಲೆ ಎಲ್ಲವನ್ನೂ ಹೇಳಿದೆ, ದೇವದುರ್ಗದ ಪಂಕ್ತಿಯನ್ನೂ. ಹೇಳುವುದು ಮುಗಿದ ಮೇಲೆ ನನ್ನ ಹೊಸ ಫೋನನ್ನೇ ಅವನ ಮುಂದೆ ಹಿಡಿದೆ. ಇಟ್ಟುಕೋ ಯಪ್ಪಾ, ಇನ್ನು ಯಾವ ಹೊತ್ತಿನಲ್ಲಿ ಮಾಡಿದರೂ ಘಟಕದಲ್ಲಿ ನಾನೇ ಎತ್ತುತ್ತೇನೆ, ನಾನೇ ಓಡಿ ಗೇಟಿಗೆ ಹೋಗುತ್ತೇನೆ ಎಂದೆ.

ಮುದುಕ ಫೋನು ಮುಟ್ಟಲಿಲ್ಲ. ಬುಟ್ಟಿ ಕೊಡವುತ್ತಾ ಅಂದ:

“ಮಾಡಿ ಏನಂತ ಹೇಳ್ಲಿ ತಮ್ಮಾ, ಮಡುವಿನ್ಯಾಗ ಏನದ?”